ಪಿಜಿಎಸ್ಸೋ ಎನ್‌ಪಿಒಪಿಯೋ? ಎರಡರಲ್ಲೂ ಇದ್ದು ನೋಡಿದ ಅರಿಶಿನದ ರೈತನ ಲೆಕ್ಕ

ಸಾವಯವ ಸರ್ಟಿಫಿಕೇಟ್ ಯಾವುದು ಮಾಡಿಸಲಿ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ: ಮಾಲು ಯಾರಿಗೆ ಮಾರುತ್ತೀರಿ? ಚಾಮರಾಜನಗರದ ಕಡೆಯ ನಮ್ಮ ಅರಿಶಿನಕ್ಕೆ ನಾನು ಎರಡನ್ನೂ ಮಾಡಿಸಿದ್ದೇನೆ. ಮೊದಲು ಊರವರ ಜೊತೆ ಪಿಜಿಎಸ್, ಅಂದರೆ ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ. ಆಮೇಲೆ ರಫ್ತು ಕಂಪನಿಯೊಂದರ ಗುಂಪಿನಲ್ಲಿ ಎನ್‌ಪಿಒಪಿ, ಅಂದರೆ ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ.

ಎನ್‌ಪಿಒಪಿ 2001ರಿಂದ ಇದೆ. ವಾಣಿಜ್ಯ ಸಚಿವಾಲಯದ್ದು, ಅದರ ಕೆಳಗೆ ಕೃಷಿ ರಫ್ತು ನೋಡುವ ಅಪೆಡಾ ಸಂಸ್ಥೆ ನೋಡಿಕೊಳ್ಳುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ಇನ್‌ಸ್ಪೆಕ್ಟರ್ ಬರುತ್ತಾರೆ. ಬೀಜಕ್ಕೆ ಏನು ಉಪಚಾರ, ಗೊಬ್ಬರ ಎಲ್ಲಿಂದ ತಂದಿರಿ, ಪಕ್ಕದ ಹೊಲದವನು ಔಷಧಿ ಹೊಡೆದರೆ ನಿಮ್ಮ ಬದುವಿನಲ್ಲಿ ತಡೆ ಏನು, ಎಲ್ಲ ಕೇಳುತ್ತಾರೆ. ಅರಿಶಿನ ಬೇಯಿಸಿದ ಕೊಪ್ಪರಿಗೆ, ಪಾಲಿಶ್ ಮಾಡಿದ ಡ್ರಮ್ಮು ಕೂಡ ಲೆಕ್ಕಕ್ಕೆ ಬರುತ್ತವೆ. ಬೇರೆಯವರ ಮಾಲು ಬೆರೆತರೆ ಕತೆ ಮುಗಿಯಿತು. ಮಾಲು ಕೈ ಬದಲಾಯಿಸಿದಾಗಲೆಲ್ಲ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್, ಅಂದರೆ ಆ ಮಾರಾಟದ್ದೇ ಪ್ರಮಾಣಪತ್ರ ಬೇಕು. ಇಷ್ಟೆಲ್ಲ ಇರುವುದರಿಂದಲೇ ಹೊರದೇಶದವರು ಅದನ್ನು ನಂಬುತ್ತಾರೆ.

ಪಿಜಿಎಸ್ 2011ರಲ್ಲಿ ಕೃಷಿ ಸಚಿವಾಲಯ ತಂದದ್ದು. ಕನಿಷ್ಠ ಐದು ಜನ ರೈತರು ಸೇರಿ ಒಬ್ಬರ ಹೊಲ ಒಬ್ಬರು ನೋಡಿ ಸಹಿ ಹಾಕಬೇಕು. ಖರ್ಚು ಇಲ್ಲವೆಂದೇ ಹೇಳಬಹುದು. ರಾಸಾಯನಿಕ ಬಿಡುತ್ತಿರುವವರಿಗೆ ಮೊದಲು ಪಿಜಿಎಸ್ ಗ್ರೀನ್, ಅವಧಿ ಮುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್.

ಕೇಳೋದಕ್ಕೆ ಸುಲಭ ಅಲ್ವಾ? ಪೇಟೆಯಿಂದ ಬಂದ ಇನ್‌ಸ್ಪೆಕ್ಟರ್‌ಗೆ ನಾವು ಯಾರೋ, ಅವರು ಯಾರೋ. ಪಿಜಿಎಸ್‌ನಲ್ಲಿ ಹಾಗಲ್ಲ. "ಅಣ್ಣಾ, ಪಂಪ್‌ಹೌಸ್ ಹಿಂದೆ ಬಿದ್ದಿರೋ ಆ ಬಾಟ್ಲಿ ಯಾವುದು?" ಅಂತ ದಿನಾ ಮುಖ ನೋಡುವವರನ್ನೇ ಕೇಳಬೇಕು. ಬಾಯಿ ಬರುವುದಿಲ್ಲ. ಕೇಳುವ ಧೈರ್ಯ ಇರುವ ಗುಂಪಿನಲ್ಲಿ ಪಿಜಿಎಸ್ ಗಟ್ಟಿ. ದಾಕ್ಷಿಣ್ಯದ ಗುಂಪಿನಲ್ಲಿ ಅದು ಬರೀ ಕಾಗದ. ಆದರೆ ಊರೊಳಗೆ ಯಾರು ಏನು ಹೊಡೆಯುತ್ತಾರೆ ಅನ್ನೋದು ವರ್ಷಕ್ಕೊಮ್ಮೆ ಬರುವವರಿಗಿಂತ ನಮಗೇ ಜಾಸ್ತಿ ಗೊತ್ತಿರುತ್ತದೆ.

ನನ್ನನ್ನು ಪಿಜಿಎಸ್ ಕಡೆ ವಾಪಸ್ ತಂದದ್ದು ಬೇರೆ ವಿಷಯ. ಎನ್‌ಪಿಒಪಿ ಗುಂಪಿನ ಸರ್ಟಿಫಿಕೇಟ್ ಕಂಪನಿಯ ಕೈಯಲ್ಲಿತ್ತು. ಅವರು ಕೊಂಡಷ್ಟು ಮಾಲಿಗೆ ದರ ಚೆನ್ನಾಗಿಯೇ ಸಿಕ್ಕಿತು. ಒಂದು ವರ್ಷ ಅವರಿಗೆ ಬೇಡಿಕೆ ಕಮ್ಮಿಯಾಯಿತು. ಉಳಿದದ್ದನ್ನು ಆ ಸರ್ಟಿಫಿಕೇಟ್ ತೋರಿಸಿ ಸಾವಯವ ಅಂತ ನಾನೇ ಹೊರಗೆ ಮಾರುವಂತಿರಲಿಲ್ಲ. ಸುಮ್ನೆ ಮಂಡಿಗೆ ಹೋಯಿತು, ಮಾಮೂಲಿ ದರಕ್ಕೆ. ಪಿಜಿಎಸ್‌ನಲ್ಲಿ ಪ್ರಮಾಣಪತ್ರ ನನ್ನ ಹೆಸರಿಗೇ ಬರುತ್ತದೆ. ಮೈಸೂರಿನ ಮನೆಗಳಿಗೆ ಅರಿಶಿನ ಪುಡಿ ಕೊಡಲು ಅಷ್ಟು ಸಾಕು.

ದೇಶದೊಳಗೆ ಎರಡಕ್ಕೂ ಬೆಲೆ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ಸಾವಯವ ಆಹಾರ ನಿಯಮ ಎರಡನ್ನೂ ಒಪ್ಪುತ್ತದೆ, ಎರಡಕ್ಕೂ ಸಾವಯವ ಲಾಂಛನ ಸಿಗುತ್ತದೆ. ಸಣ್ಣ ರೈತ ತಾನೇ ನೇರವಾಗಿ ತಿನ್ನುವವರಿಗೆ ಮಾರಿದರೆ ಸರ್ಟಿಫಿಕೇಟಿನಿಂದ ವಿನಾಯಿತಿಯೂ ಇದೆ, ಲಾಂಛನ ಮಾತ್ರ ಹಾಕುವಂತಿಲ್ಲ. ನಮ್ಮ ರಾಗಿ ಹಾಗೆಯೇ ಹೋಗುತ್ತದೆ. ಕೊಳ್ಳುವವರು ಹೊಲ ನೋಡಿದ್ದಾರೆ, ಕಾಗದ ಕೇಳಿದವರಿಲ್ಲ.

ಕಾಫಿ, ಮೆಣಸು, ಗೋಡಂಬಿ ಹಡಗು ಹತ್ತುವುದಿದ್ದರೆ ಎನ್‌ಪಿಒಪಿಯೇ ಬೇಕು, ಪಿಜಿಎಸ್ ಅಲ್ಲಿ ನಡೆಯುವುದಿಲ್ಲ. ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ. ಅಷ್ಟು ದಿನ ಕಾಯುವ ಮೊದಲು ಕಂಪನಿಯವರಿಗೆ ಎರಡು ಪ್ರಶ್ನೆ ಕೇಳಿ. ಸರ್ಟಿಫಿಕೇಟ್ ಯಾರ ಹೆಸರಿನಲ್ಲಿರುತ್ತದೆ? ನೀವು ಕೊಳ್ಳದೆ ಬಿಟ್ಟ ಮಾಲನ್ನು ನಾನು ಏನಂತ ಮಾರಬಹುದು? ಉತ್ತರವನ್ನು ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.