ಎರಡು ರೂಟರ್ ಹಾಕಿಸಿದ ಮೇಲೆ ನೆಟ್ ಹೋಗಿತ್ತು, ಸೂಪರ್ ಮಾರ್ಕೆಟ್ ಹತ್ತಿರದ ಕಂಪ್ಯೂಟರ್ ಅಂಗಡಿಯವರು ಸರಿ ಮಾಡಿಕೊಟ್ಟರು

ಎರಡನೇ ರೂಟರ್ ಹಾಕಿಸಿದ್ದೀರಿ, ಫೋನಿನಲ್ಲಿ ವೈಫೈ ಗುರುತು ಪೂರ್ತಿ ತೋರಿಸುತ್ತಿದೆ, ಆದರೂ ನೆಟ್ ಬರುತ್ತಿಲ್ಲ. ಹೀಗಾಗಿದ್ದರೆ ಹೊಸ ರೂಟರ್ ವಾಪಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಮ್ಮ ಮನೆಯಲ್ಲಿ ಮೂರು ವಾರ ಇದೇ ಗೋಳು ಇತ್ತು. ಕೊನೆಗೆ ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯ ಹುಡುಗ ಬಂದು ಒಂದೂವರೆ ತಾಸಿನಲ್ಲಿ ಸರಿ ಮಾಡಿಕೊಟ್ಟ.

ನಮ್ಮದು ಬ್ರಹ್ಮಪುರದ ಹಳೇ ಮನೆ. ಗೋಡೆಗಳೆಲ್ಲ ದಪ್ಪ ಕಲ್ಲಿನವು, ನೆಲಕ್ಕೆ ಶಹಾಬಾದ್ ಪರಸಿ. ಬೇಸಿಗೆಯಲ್ಲಿ ಮನೆ ತಂಪಾಗಿರುತ್ತದೆ, ಆದರೆ ವೈಫೈ ಗೋಡೆ ದಾಟುವುದಿಲ್ಲ. ಕಂಪನಿಯವರು ಫೈಬರ್ ತಂದು ರೂಟರ್ ಹಾಕಿದ್ದು ಮುಂದಿನ ಪಡಸಾಲೆಯಲ್ಲಿ. ಮಗಳು ಓದುವುದು ಮೇಲಿನ ಕೋಣೆಯಲ್ಲಿ, ನಾನು ಮನೆಯಿಂದ ಕೆಲಸ ಮಾಡುವುದೂ ಅಲ್ಲೇ. ಅದಕ್ಕೆ ಇನ್ನೊಂದು ರೂಟರ್ ಕೊಂಡು, ಕೇಬಲ್ ಎಳೆಸಿ, ಮೇಲೆ ಇಟ್ಟೆವು.

ಅವತ್ತಿನಿಂದ ತೊಂದರೆ ಶುರು. ಹತ್ತು ನಿಮಿಷ ನೆಟ್ ಬರುತ್ತದೆ, ಆಮೇಲೆ ಹೋಗುತ್ತದೆ. ಅಮ್ಮನ ಫೋನಿಗೆ ಬಂದರೆ ನನ್ನ ಲ್ಯಾಪ್‌ಟಾಪಿಗೆ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಲೈನ್ ಸರಿ ಇದೆ ಅನ್ನುತ್ತಾರೆ. ಅದು ನಿಜವೇ ಆಗಿತ್ತು, ಲೈನ್ ಕೆಟ್ಟರೆ ಹತ್ತುವ ಕೆಂಪು ದೀಪ ಹತ್ತಿರಲಿಲ್ಲ, ಮೇಲಿನ ರೂಟರಿನ ಕೇಬಲ್ ಕಿತ್ತರೆ ಕೆಳಗೆ ನೆಟ್ ಚೆನ್ನಾಗಿಯೇ ಓಡುತ್ತಿತ್ತು. ಬೇರೆ ಒಬ್ಬರನ್ನು ಕರೆಸಿದೆವು. ಅವರು ಮೇಲಿನ ರೂಟರಿನ ನಂಬರ್ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಬದಲಿಸಿ, ಕೇಬಲ್ ತೆಗೆದು ವಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಲೈನ್ ಸಿಕ್ಕಿಸುವ ಜಾಗಕ್ಕೆ, ಹಾಕಿಹೋದರು. ನೆಟ್ ಬಂತು, ಆದರೆ ಪ್ರಿಂಟರ್ ಹೋಯಿತು. ಪ್ರಿಂಟರ್ ಇರುವುದು ಮೇಲೆ. ಪಡಸಾಲೆಯಲ್ಲಿ ಕೂತವರ ಫೋನಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಪ್ರಿಂಟ್ ತೆಗೆಸಲು ರಾತ್ರಿ ಎಂಟಕ್ಕೆ ಜಗತ್ ಸರ್ಕಲ್ ತನಕ ಹೋಗಿ ಬಂದೆ, ಮನೆಯಲ್ಲಿ ಪ್ರಿಂಟರ್ ಇಟ್ಟುಕೊಂಡು. ಅವತ್ತು ತುಂಬಾ ಬೇಜಾರಾಯಿತು.

ಈ ಅಂಗಡಿಯ ಹುಡುಗ ಬಂದವನು ಮೊದಲು ಏನನ್ನೂ ಮುಟ್ಟಲಿಲ್ಲ. ಏನೇನಾಯಿತು ಅಂತ ಪೂರ್ತಿ ಕೇಳಿದ. ಆಮೇಲೆ ಎರಡೂ ರೂಟರ್ ತಿರುಗಿಸಿ ಕೆಳಗಿನ ಚೀಟಿ ತೋರಿಸಿದ. ಎರಡರಲ್ಲೂ ಫ್ಯಾಕ್ಟರಿಯಿಂದಲೇ ಬಂದ ಒಂದೇ ನಂಬರ್, 192.168.1.1. "ನೋಡ್ರಿ ಸರ್, ಒಂದ ಓಣ್ಯಾಗ ಎರಡು ಮನಿಗೆ ಒಂದ ನಂಬರ್ ಇದ್ರ ಪೋಸ್ಟ್ ಯಾರಿಗೆ ಹೋಗ್ಬೇಕ್ರಿ?" ಅಂದ. ಅಷ್ಟರಲ್ಲಿ ನನಗೆ ಅರ್ಥವಾಯಿತು. ಮೊದಲು ನಾವು ಲ್ಯಾನಿನಿಂದ ಲ್ಯಾನಿಗೆ (ಮನೆಯೊಳಗಿನ ಸಾಧನ ಸಿಕ್ಕಿಸುವ ಪೋರ್ಟಿನಿಂದ ಅಂಥದ್ದೇ ಪೋರ್ಟಿಗೆ) ಕೇಬಲ್ ಹಾಕಿದ್ದಾಗ ಎರಡೂ ರೂಟರ್ ಒಂದೇ ವಿಳಾಸದಲ್ಲಿ ಕೂತಿದ್ದವು, ಸಾಲದ್ದಕ್ಕೆ ಡಿಎಚ್‌ಸಿಪಿ ಎರಡರಲ್ಲೂ ಆನ್, ಅಂದರೆ ಫೋನುಗಳಿಗೆ ನಂಬರ್ ಹಂಚುವ ಕೆಲಸ ಎರಡೂ ಮಾಡುತ್ತಿದ್ದವು. ಫೋನು ತಪ್ಪಿ ಮೇಲಿನ ರೂಟರನ್ನೇ ಹೊರಗಿನ ದಾರಿ ಅಂದುಕೊಂಡರೆ ಮುಗೀತು, ಅದರ ಬೆನ್ನಿಗೆ ಇಂಟರ್ನೆಟ್ ಇಲ್ಲವಲ್ಲ. ಎರಡನೇ ಸಲ ವಾನ್ ಪೋರ್ಟಿಗೆ ಹಾಕಿದಾಗ ಆಗಿದ್ದು ಡಬಲ್ ನ್ಯಾಟ್. ಮನೆಯೊಳಗೆ ಎರಡು ಬೇರೆ ಬೇರೆ ನೆಟ್‌ವರ್ಕ್, ನಡುವೆ ಬಾಗಿಲು. ಮೇಲಿಂದ ಹೊರಗೆ ಹೋಗಬಹುದು, ಕೆಳಗಿನವರು ಮೇಲೆ ಬರುವಂತಿಲ್ಲ.

ಅವನು ಮಾಡಿದ್ದು ಇಷ್ಟೇ. ಮೇಲಿನ ರೂಟರಿನಿಂದ ಮುಖ್ಯ ಕೇಬಲ್ ಕಿತ್ತು, ಲ್ಯಾಪ್‌ಟಾಪನ್ನು ನೇರವಾಗಿ ಆ ರೂಟರಿಗೆ ಸಿಕ್ಕಿಸಿದ. ಅದರ ನಂಬರನ್ನು 192.168.1.2 ಮಾಡಿದ. ಆಮೇಲೆ ಡಿಎಚ್‌ಸಿಪಿ ಆಫ್. ಕೊನೆಗೆ ಕೇಬಲ್ ತಂದು ಲ್ಯಾನ್ ಪೋರ್ಟಿಗೆ ಹಾಕಿ ವಾನ್ ಖಾಲಿ ಬಿಟ್ಟ. ಕೆಲವು ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತಲೇ ಇರುತ್ತದಂತೆ, ಅದನ್ನು ಒತ್ತಿದರೆ ಇದೆಲ್ಲ ತಾನಾಗಿಯೇ ಆಗುತ್ತದೆ. ನಮ್ಮದರಲ್ಲಿ ಅದು ಇರಲಿಲ್ಲ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟ. 2.4 ಗಿಗಾಹರ್ಟ್ಸ್‌ನಲ್ಲಿ ಕೆಳಗಿನದಕ್ಕೆ ಚಾನೆಲ್ 1, ಮೇಲಿನದಕ್ಕೆ 11 ಕೊಟ್ಟ, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರಬಾರದು ಅಂತ. ಮುಂದೆ ಯಾರಾದರೂ ಸೆಟ್ಟಿಂಗ್ ತೆಗೆಯಬೇಕಾದರೆ ಗೊತ್ತಾಗಲಿ ಅಂತ ಬಿಳಿ ಟೇಪಿನ ಮೇಲೆ ಪೆನ್ನಿನಿಂದ 192.168.1.2 ಬರೆದು ರೂಟರಿನ ಹೊಟ್ಟೆಗೆ ಅಂಟಿಸಿದ. ಈ ಒಂದು ಕೆಲಸಕ್ಕೇ ನಾನು ಇವರನ್ನು ಮೆಚ್ಚಿದೆ.

ಅಲ್ಲಿಗೆ ಬಿಟ್ಟಿದ್ದರೂ ನಾನು ಖುಷಿಯಾಗಿ ದುಡ್ಡು ಕೊಡುತ್ತಿದ್ದೆ. ಆದರೆ ಅವನು ಮೇಲೆ ಸ್ಪೀಡ್ ನೋಡಿದ. ನಮ್ಮ ಪ್ಲಾನ್ 200 ಎಂಬಿಪಿಎಸ್, ಬರುತ್ತಿದ್ದದ್ದು 94. ಎಷ್ಟು ಸಲ ನೋಡಿದರೂ ಅದರ ಹತ್ತಿರವೇ. ಹೀಗೆ ಒಂದೇ ಕಡೆ ನಿಂತರೆ ಕೇಬಲ್ ಮೇಲೆ ಅನುಮಾನ ಪಡಬೇಕು ಅಂತ ಹೇಳಿ ಪ್ಲಗ್ ಬಿಚ್ಚಿದ. ಒಳಗೆ ಎಂಟು ತಂತಿ, ಕಂದು ಬಣ್ಣದ ಒಂದು ತಂತಿ ಪಿನ್ನಿಗೆ ತಾಗಿಯೇ ಇರಲಿಲ್ಲ. ಗಿಗಾಬಿಟ್‌ಗೆ (ಅಂದರೆ 1000 ಎಂಬಿಪಿಎಸ್ ವೇಗಕ್ಕೆ) ಎಂಟೂ ಬೇಕು, ಇಲ್ಲದಿದ್ದರೆ ಪೋರ್ಟ್ 100 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿದ. 190 ದಾಟಿತು. ರೂಟರಿನ ಪೋರ್ಟೇ 100ರದ್ದಾಗಿದ್ದರೆ ಪ್ಲಗ್ ಬದಲಿಸಿದರೂ ಪ್ರಯೋಜನ ಇರುತ್ತಿರಲಿಲ್ಲ, ಹಾಗಾಗಿ ಕೊಳ್ಳುವಾಗ ಡಬ್ಬಿಯ ಮೇಲೆ ಗಿಗಾಬಿಟ್ ಅಂತ ಇದೆಯಾ ನೋಡಿಕೊಳ್ಳಿ.

ಬೇಸರದ ವಿಷಯವೂ ಇದೆ. ಬೆಳಿಗ್ಗೆ 11ಕ್ಕೆ ಬರುತ್ತೇವೆ ಅಂದವರು ಬಂದದ್ದು ಮಧ್ಯಾಹ್ನ 3ಕ್ಕೆ, ನಡುವೆ ಒಂದು ಫೋನೂ ಇಲ್ಲ. ರಜೆ ಹಾಕಿ ಕಾಯುವವರಿಗೆ ಇದು ಕಷ್ಟ, ಅಲ್ವಾ? ಬಿಲ್ ಕೂಡ ಕೇಳಿದ ಮೇಲೆಯೇ ಕೊಟ್ಟರು. ತೆಗೆದುಕೊಂಡದ್ದು ಪ್ಲಗ್ ಸೇರಿ 450 ರೂಪಾಯಿ, ಆ ಕೆಲಸಕ್ಕೆ ಇದು ಜಾಸ್ತಿ ಅಲ್ಲವೇ ಅಲ್ಲ. 5ಕ್ಕೆ 4 ಕೊಡುತ್ತೇನೆ, ಕಡಿಮೆಯಾದ ಒಂದು ಆ ನಾಲ್ಕು ತಾಸಿಗೆ.

ಒಂದು ಕೆಲಸ ಇನ್ನೂ ಬಾಕಿ ಇದೆ. ಕರೆಂಟ್ ಹೋದರೆ ಕೆಳಗಿನ ರೂಟರ್ ಮಿನಿ ಯುಪಿಎಸ್ (ಸಣ್ಣ ಬ್ಯಾಟರಿ ಡಬ್ಬಿ) ಮೇಲೆ ನಡೆಯುತ್ತದೆ, ಮೇಲಿನದು ಆರಿಹೋಗುತ್ತದೆ. ಅಂಥದ್ದೇ ಇನ್ನೊಂದು ತರುತ್ತೇನೆ ಅಂದೆ. ಹುಡುಗ ತಡೆದ. ಕೆಳಗಿನದು 12 ವೋಲ್ಟ್, ಮೇಲಿನದು 9 ವೋಲ್ಟ್, ಪಿನ್ ಸರಿಯಾಗಿ ಕೂರುತ್ತದೆ ಅಂತ ಸುಮ್ನೆ ಸಿಕ್ಕಿಸಿದರೆ ರೂಟರ್ ಸುಟ್ಟುಹೋಗಬಹುದು ಅಂದ. 9 ವೋಲ್ಟಿನದು ಅಂಗಡಿಗೆ ಬಂದರೆ ಫೋನ್ ಮಾಡುತ್ತೇನೆ ಅಂದಿದ್ದಾನೆ, ಕಾಯುತ್ತಿದ್ದೇನೆ.