ಸಾಸಾಂಗ್ ಚಿಕಿತ್ಸಾಲಯ, ಸಿಯೋಲ್: ವೈದ್ಯರು ಇಷ್ಟವಾದರು, ಕಷಾಯದ ಬಗ್ಗೆ ಪ್ರಶ್ನೆ ಉಳಿಯಿತು

ಊಟ ಆದ ಮೇಲೆ ಹೊಟ್ಟೆ ಉಬ್ಬರ, ಕೈಕಾಲು ಸದಾ ತಣ್ಣಗೆ. ಇದು ನನ್ನ ಹಳೇ ತೊಂದರೆ. ಅದಕ್ಕೇ ಸಿಯೋಲ್‌ನ ಜೆಗಿ-ದೊಂಗ್‌ನಲ್ಲಿ, ಗಿಡಮೂಲಿಕೆ ಮಾರುಕಟ್ಟೆಯ ಹತ್ತಿರ ಇರುವ ಒಂದು ಸಾಸಾಂಗ್ ಚಿಕಿತ್ಸಾಲಯಕ್ಕೆ ಎರಡು ತಿಂಗಳು ಹೋಗಿ ಬಂದೆ. ಸಾಸಾಂಗ್ ಅಂದರೆ ರೋಗಿಯ ದೇಹಪ್ರಕೃತಿ ನೋಡಿ ಔಷಧ ಕೊಡುವ ಕೊರಿಯದ ವೈದ್ಯ ಪದ್ಧತಿ.

ಮೊದಲ ದಿನವೇ ವೈದ್ಯರು 40 ನಿಮಿಷ ಕೊಟ್ಟರು. ನಾಡಿ ಹಿಡಿದರು, ಹೊಟ್ಟೆ ಒತ್ತಿ ನೋಡಿದರು, ಆಮೇಲೆ ಶುರುವಾಯಿತು ಪ್ರಶ್ನೆ. ಬೆವರಿದ ಮೇಲೆ ಹಗುರ ಅನಿಸುತ್ತಾ, ಸುಸ್ತಾಗುತ್ತಾ? ಬಾಯಾರಿದರೆ ತಣ್ಣೀರು ಬೇಕಾ, ಬಿಸಿನೀರಾ? ಸುಮ್ನೆ ಕೇಳಿದ್ದಲ್ಲ. 1894ರಲ್ಲಿ ಲೀ ಜೆ-ಮಾ ಎಂಬ ವೈದ್ಯರು ಜನರನ್ನು ತೇಯಾಂಗ್, ತೇಉಮ್, ಸೊಯಾಂಗ್, ಸೊಉಮ್ ಎಂದು ನಾಲ್ಕು ದೇಹಪ್ರಕೃತಿಗಳಾಗಿ ವಿಂಗಡಿಸಿ ಬರೆದರು. ಅವರ ಪ್ರಕಾರ ತೇಉಮ್‌ನವರಿಗೆ ಬೆವರು ಚೆನ್ನಾಗಿ ಹರಿದರೆ ಆರೋಗ್ಯ, ಸೊಉಮ್‌ನವರಿಗೆ ತಿಂದದ್ದು ಸಲೀಸಾಗಿ ಅರಗಿದರೆ ಆರೋಗ್ಯ. ನನ್ನನ್ನು ಇಲ್ಲಿ ಸೊಉಮ್ ಅಂದರು.

ಆದರೆ ಹಿಂದಿನ ವರ್ಷ ಬೇರೆ ಕಡೆ ನನ್ನನ್ನು ತೇಉಮ್ ಅಂದಿದ್ದರು! ಅಲ್ಲಿ ರಕ್ತದೊತ್ತಡ ಕೂಡ ಕೇಳದೆ ತೂಕ ಇಳಿಸುವ ತೇಉಮ್ ಕಷಾಯ ಕೊಟ್ಟರು. ಅದರಲ್ಲಿ ಮಾಹ್ವಾಂಗ್ ಇತ್ತು, ಅಂದರೆ ಎಫೆಡ್ರಾ, ಎದೆಬಡಿತ ಮತ್ತು ಬಿಪಿ ಏರಿಸಬಲ್ಲ ಗಿಡಮೂಲಿಕೆ. ಎದೆ ಡವಡವ, ಮೂರು ರಾತ್ರಿ ನಿದ್ದೆ ಇಲ್ಲ. ಬಿಪಿ ಇರುವವರು ಕಷಾಯದಲ್ಲಿ ಇದು ಇದೆಯಾ ಎಂದು ದಯವಿಟ್ಟು ಮೊದಲೇ ಕೇಳಿ ತಿಳಿದುಕೊಳ್ಳಿ.

ಇದನ್ನು ಹೇಳಿದಾಗ ಇಲ್ಲಿನ ವೈದ್ಯರು ಬೇಜಾರು ಮಾಡಿಕೊಳ್ಳಲಿಲ್ಲ. ಪ್ರಕೃತಿ ಖಚಿತವಾಗುವುದು ಔಷಧ ಒಗ್ಗಿದ ಮೇಲೇ ಎಂದರು. ಆ ಮಾತು ನನ್ನನ್ನು ಕಾಡಿತು. ಒಗ್ಗಿದರೆ ಪ್ರಕೃತಿ ಸರಿ, ಒಗ್ಗದಿದ್ದರೆ ಪ್ರಕೃತಿ ತಪ್ಪು ಅನ್ನುವುದಾದರೆ ಪದ್ಧತಿಯೇ ತಪ್ಪಿರಬಹುದು ಎಂದು ಯಾರು ಯಾವಾಗ ಕಂಡುಹಿಡಿಯಬೇಕು? ದೇಜಾನ್‌ನಲ್ಲಿರುವ ಕೊರಿಯನ್ ವೈದ್ಯ ಸಂಶೋಧನಾ ಸಂಸ್ಥೆ ಮುಖ, ಮೈಕಟ್ಟು, ಧ್ವನಿ, ಪ್ರಶ್ನಾವಳಿ ಈ ನಾಲ್ಕನ್ನೂ ಸೇರಿಸಿ ಕಂಪ್ಯೂಟರ್‌ನಿಂದ ಪ್ರಕೃತಿ ಹೇಳುವ ಸಾಧನ ಮಾಡಿದೆ, ಕೆಲಸ ದೊಡ್ಡದೇ, ಆದರೆ ಅದು ಕಲಿತದ್ದೂ ವೈದ್ಯರು ಔಷಧ ಕೊಟ್ಟು ನೋಡಿ ಖಚಿತ ಮಾಡಿದ ರೋಗಿಗಳಿಂದಲೇ. ತೇಉಮ್‌ನವರಲ್ಲಿ ಬೊಜ್ಜು ಜಾಸ್ತಿ ಎಂಬ ಫಲಿತಾಂಶವೂ ಹಾಗೇ. ಮೈಕಟ್ಟು ಅಳೆದೇ ತೇಉಮ್ ಅಂದಿರುತ್ತಾರೆ, ಅಲ್ವಾ? ಸಕ್ಕರೆ ಕಾಯಿಲೆಯ ಮಾತು ಸ್ವಲ್ಪ ಗಟ್ಟಿ. ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ತೇಉಮ್‌ನವರಲ್ಲಿ ಅದರ ಅಪಾಯ ಹೆಚ್ಚು ಎಂದು ಕಂಡ ಅಧ್ಯಯನ ಇದೆ. ನನಗೆ ಬೇಕಾದದ್ದು ಇನ್ನೊಂದು ಬಗೆಯ ಪರೀಕ್ಷೆ. ಒಂದೇ ತೊಂದರೆ ಇರುವ ಜನರಲ್ಲಿ ಅರ್ಧ ಮಂದಿಗೆ ಪ್ರಕೃತಿ ನೋಡಿ ಔಷಧ, ಉಳಿದವರಿಗೆ ನೋಡದೆ ಔಷಧ, ಯಾರಿಗೆ ಯಾವುದೆಂದು ರೋಗಿಗೂ ಗೊತ್ತಾಗಬಾರದು, ಫಲ ಅಳೆಯುವವರಿಗೂ ಗೊತ್ತಾಗಬಾರದು. ಆಗ ಮಾತ್ರ ಪ್ರಕೃತಿ ನೋಡಿದ್ದರಿಂದ ಏನು ಸಿಕ್ಕಿತು ಎಂದು ತಿಳಿಯುತ್ತದೆ.

ನನ್ನ ಉಬ್ಬರ ಕಡಿಮೆಯಾಗಿದೆ, ನಿಜ. ವೈದ್ಯರ ಮಾತು ಕೇಳಿ ರಾತ್ರಿ ಊಟ ಬೇಗ ಮಾಡಿದೆ, ತಣ್ಣೀರು ಬಿಟ್ಟೆ. ಜೊತೆಗೆ ಕಷಾಯವನ್ನೂ ಕುಡಿದೆ. ಯಾವುದರಿಂದ ಗುಣವಾಯಿತು ಎಂದು ಬಿಡಿಸಿ ಹೇಳಲಾರೆ.

ದುಡ್ಡಿನ ವಿಷಯ. ಸೂಜಿ ಚಿಕಿತ್ಸೆಗೆ, ಅಂದರೆ ಅಕ್ಯುಪಂಕ್ಚರ್‌ಗೆ, ರಾಷ್ಟ್ರೀಯ ಆರೋಗ್ಯ ವಿಮೆ ಸಿಗುತ್ತದೆ, ಕೈಯಿಂದ ಹೋಗುವುದು ಕಡಿಮೆ. ಕಷಾಯಕ್ಕೆ ಕೆಲವೇ ಕಾಯಿಲೆಗಳಿಗೆ ವಿಮೆ, ನನಗೆ ಸಿಗಲಿಲ್ಲ. ಪ್ಯಾಕೆಟ್‌ಗಳಲ್ಲಿ ಮನೆಗೇ ಬರುವ 15 ದಿನದ ಕಷಾಯಕ್ಕೆ ಸುಮಾರು 3 ಲಕ್ಷ ವೋನ್ ಕೊಟ್ಟೆ. ಮುಂದಿನ ತಿಂಗಳು ಮತ್ತೆ ಅದೇ ವೈದ್ಯರ ಹತ್ತಿರ ಹೋಗುತ್ತೇನೆ, ಸೂಜಿಗೆ ಮಾತ್ರ.