ಗ್ಯೆರಾನ್‌ಮಾರಿಗೆ ಚೌಕ ಪ್ಯಾನೇ ಬೇಕೇ?

ಕೊರಿಯಾದ ಈ ಸುರುಳಿ ಆಮ್ಲೆಟ್‌ಗೆ 4 ಮೊಟ್ಟೆ, 1 ದೊಡ್ಡ ಚಮಚ ನೀರು, ಕಾಲು ಟೀ ಚಮಚ ಉಪ್ಪು, ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿದ ಕ್ಯಾರೆಟ್, ಈರುಳ್ಳಿ ಸೊಪ್ಪು ಸಾಕು. ಚೂರು ದಪ್ಪವಾದರೆ ಪದರ ಹರಿಯುತ್ತದೆ.

ಚೌಕ ಪ್ಯಾನ್‌ನಲ್ಲಿ ಸುರುಳಿ ಉದ್ದಕ್ಕೂ ಒಂದೇ ದಪ್ಪ. ಆದರೆ ದುಂಡು ಬರ್ನರ್‌ನ ಶಾಖ ಮೂಲೆಗಳಿಗೆ ತಡವಾಗಿ ತಲುಪುತ್ತದೆ. ನೆಟ್ಟಗಿನ ಅಂಚು ಹೊಸಬರ ಸೌಟಿಗೆ ಅಡ್ಡ.

24 ಸೆಂ.ಮೀ. ದುಂಡು ನಾನ್‌ಸ್ಟಿಕ್‌ನಲ್ಲಿ ಸುರುಳಿಯ ತುದಿಗಳು ಸಪೂರ, ಅಷ್ಟೇ. ಪಕ್ಕದ ಅಂಚುಗಳನ್ನು ಒಳಕ್ಕೆ ಮಡಚಿ ಸುತ್ತಿದರೆ ಅದೂ ಸರಿಹೋಗುತ್ತದೆ.

ಎರಡರಲ್ಲೂ ಉರಿ ಸಣ್ಣದಿರಲಿ. ಎಲ್ಲವನ್ನೂ ಸೇರಿಸಿ ಕದಡಿದ ಮೊಟ್ಟೆಯ ಮೂರನೇ ಒಂದು ಭಾಗ ಹೊಯ್ದು, ಮೇಲ್ಮೈ ಇನ್ನೂ ಹಸಿಯಿರುವಾಗಲೇ ಸುತ್ತಿ. ಒಣಗಿದರೆ ಪದರಗಳು ಅಂಟುವುದಿಲ್ಲ. ಸುರುಳಿಯನ್ನು ಬದಿಗೆ ಸರಿಸಿ, ಎಣ್ಣೆ ಸವರಿ, ಮುಂದಿನ ಭಾಗವನ್ನು ಅದರಡಿಗೂ ಹರಿಸಿ, ಮತ್ತೆ ಸುತ್ತಿ. ಕೊನೆಯ ಭಾಗಕ್ಕೂ ಹೀಗೇ ಮಾಡಿ. 5 ನಿಮಿಷ ಆರಿದ ಮೇಲೆ ಕತ್ತರಿಸಿ.

ದಿನವೂ ಡಬ್ಬಿಗೆ ಕಟ್ಟುವವರು ಚೌಕದ್ದು ಕೊಳ್ಳಲಿ. ಉಳಿದವರಿಗೆ ದುಂಡೇ ಮೇಲು. ದೋಸೆ ಕಾವಲಿ ಮಾತ್ರ ಬೇಡ, ಅಂಚಿಲ್ಲದೆ ಮೊಟ್ಟೆ ಹರಿದುಹೋಗುತ್ತದೆ.